ತೆಳು ಬಣ್ಣದ ವೈನಿನ ಒಗರು

1986ರಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ನಮ್ಮ ಕೊಪ್ಪದ ನಾರ್ವೆ ಕಡೆಯ ತೋಟಗಳಲ್ಲಿ ಅಡಿಕೆ ಬೇಯಿಸುವ ಕೆಲಸ ಹಿಡಿದೆ, ಇವತ್ತಿಗೂ ಬಿಟ್ಟಿಲ್ಲ. ಅಡಿಕೆ ಬೆಂದ ಕೆಂಪು ನೀರಿಗೆ ಚೊಗರು ಅಂತೀವಿ. ಬಣ್ಣ ಗಟ್ಟಿಯಿದ್ದರೆ ಒಗರೂ ಗಟ್ಟಿ, ತೆಳುವಾದರೆ ಪ್ರಯೋಜನ ಇಲ್ಲ. ಇದರಲ್ಲಿ ನನ್ನ ಕಣ್ಣು ತಪ್ಪಿದ್ದಿಲ್ಲ.

ಹೋದ ವರ್ಷ ಒಂದು ಭಾನುವಾರ ಮಗಳು ಮೂರು ಬಾಟಲಿ ತಂದಳು. ಆಗ ಅವಳು ಕೊಪ್ಪದ ಹತ್ತಿರ ಒಂದು ರೆಸಾರ್ಟಿನಲ್ಲಿ ರೂಮು ಗುಡಿಸುತ್ತಿದ್ದಳು. ಮೂರೂ ಇಟಲಿಯ ಕೆಂಪು ವೈನು, ಅಲ್ಲಿನ ಟ್ರೈನಿಂಗಿನಲ್ಲಿ ಮಿಕ್ಕಿದ್ದು. ಮಾರನೇ ದಿನ ಮ್ಯಾನೇಜರ್ ಎದುರು ಒಂದೊಂದರ ರುಚಿಯನ್ನೂ ತನ್ನ ಮಾತಲ್ಲಿ ಹೇಳಬೇಕು. ಹೇಳಿದರೆ ಊಟದ ಹಾಲಿನಲ್ಲಿ ಬಡಿಸೋ ಕೆಲಸಕ್ಕೆ ಬಡ್ತಿ, ಇಲ್ಲದಿದ್ದರೆ ಮತ್ತೆ ಬಕೆಟ್ಟು, ಪೊರಕೆ.

"ನಂಗೆ ಎಲ್ಲಾ ಒಂದೇ ಥರ ಹುಳಿ ಅನ್ಸತ್ತೆ ಅಪ್ಪ. ನೀನೂ ನೋಡು."

"ಅಪ್ಪ ಮಗಳು ಕೂತು ಕುಡಿಯೋದೊಂದು ಬಾಕಿ ಇತ್ತು ಮಾರಾಯ್ರೆ!" ಅಂತ ಅಡುಗೆಮನೆಯಿಂದ ನನ್ನ ಹೆಂಡತಿ.

ಮೂರು ಗ್ಲಾಸಿಗೆ ಹಾಕಿ ಬೆಳಕಿಗೆ ಹಿಡಿದೆ. ಬಾರ್ಬೆರಾ ಅನ್ನೋದು ನೇರಳೆ ಹಣ್ಣಿನಂಥ ಕಪ್ಪು. ಕಿಯಾಂತಿ ಒಳ್ಳೇ ಕೆಂಪು. ಬರೋಲೊ ಮಾತ್ರ ತೆಳು, ಗ್ಲಾಸಿನ ಆಚೆ ಬೆರಳಿಟ್ಟರೆ ಕಾಣುತ್ತಿತ್ತು.

"ಇದು ನೀರು. ಇದರ ಬಗ್ಗೆ ಎಂತ ಹೇಳೋದೂ ಬೇಡ."

"ಅದೇ ಎಲ್ಲಕ್ಕಿಂತ ದೊಡ್ಡದಂತೆ ಅಪ್ಪ."

"ಯಾರೋ ನಿನ್ನ ಮಂಗ ಮಾಡಿದಾರೆ ಮಾರಾಯ್ತಿ."

ಕಪ್ಪನೆಯದನ್ನು ಮೊದಲು ಕುಡಿದೆ. ಒಗರೇ ಇಲ್ಲ! ಹುಳಿಹಣ್ಣಿನ ರಸದ ಹಾಗೆ ಜಾರಿ ಹೋಯಿತು. ಕಿಯಾಂತಿಯಲ್ಲಿ ಹುಳಿ, ಒಗರು ಎರಡೂ ಹದ. ಕೊನೆಗೆ ಆ ತೆಳು ಬಣ್ಣದ್ದು. ಬಾಯಿಗೆ ಹೋದಾಗ ಏನೂ ಇಲ್ಲ. ನುಂಗಿದ ಮೇಲೆ ನೋಡಿ, ಒಸಡು, ಕೆನ್ನೆ, ನಾಲಿಗೆ ಎಲ್ಲಾ ಹಿಡಿದುಕೊಂಡಿತು, ಹಸಿ ಅಡಿಕೆ ಅಗಿದ ಹಾಗೆ. ಇಷ್ಟು ವರ್ಷ ನಂಬಿದ ಕಣ್ಣು ನನ್ನದು. ಗ್ಲಾಸನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದೆ.

"ಗುಲಾಬಿ, ಡಾಂಬರು ಎರಡರ ವಾಸನೆಯೂ ಇರತ್ತಂತೆ," ಅಂದಳು ಮಗಳು.

"ರೋಡಿಗೆ ಹಾಕೋ ಡಾಂಬರಾ? ಅದನ್ನ ದುಡ್ಡು ಕೊಟ್ಟು ಕುಡೀತಾರಾ?" ಹೆಂಡತಿ ನಕ್ಕಳು.

ಮೂಸಿದೆ. ಇತ್ತು! ಒಣಗಿದ ಗುಲಾಬಿ, ಅದರ ಹಿಂದೆ ಬಿಸಿಲಿಗೆ ಕಾದ ರಸ್ತೆ. ಬರೀ ದ್ರಾಕ್ಷಿಯೊಳಗೆ ಇದೆಲ್ಲ ಎಲ್ಲಿತ್ತು? ಆ ಊರಿನ ಮಣ್ಣು ಎಂಥದಿರಬಹುದು?

ಹೆಂಡತಿ ಕುರಿಮಾಂಸದ ಸಾರು, ಕಡುಬು ತಂದಿಟ್ಟಳು. ಕೊಬ್ಬಿನ ತುಂಡು ತಿಂದು ಇನ್ನೊಂದು ಗುಟುಕು ಕುಡಿದರೆ ಒಗರಿನ ಬಿಗಿ ಸಡಿಲಾಗಿ ಹಣ್ಣಿನ ರುಚಿ ಮೇಲೆ ಬಂದಿತ್ತು. ಊಟವನ್ನು ಮನಸ್ಸಲ್ಲಿ ಇಟ್ಟುಕೊಂಡೇ ಇದನ್ನು ಮಾಡಿದ್ದಾರೆ ಅನ್ನಿಸಿತು. ಹೆಂಡತಿಯೂ ಬೆರಳು ಅದ್ದಿ ನೆಕ್ಕಿ "ಥೂ" ಅಂದಳು, ಮತ್ತೆ ಅದ್ದಿದಳು.

ಮಾರನೇ ದಿನ ಮಗಳು ಮ್ಯಾನೇಜರಿಗೆ ಹೇಳಿದಳಂತೆ: "ಮೊದಲನೇದು ಬಣ್ಣದಲ್ಲಿ ಜೋರು, ಬಾಯಲ್ಲಿ ಸಾಧು. ಎರಡನೇದು ಎಂಥ ಊಟಕ್ಕೂ ಹೊಂದ್ಕೊಂಡು ಹೋಗತ್ತೆ. ಮೂರನೇದು ನೋಡಕ್ಕೆ ಬಡಕಲು ಸಾರ್, ಹಿಡಿದ್ರೆ ಬಿಡಲ್ಲ. ಮಾಂಸದ ಜೊತೆ ಕೊಡ್ಬೇಕು."

ಆ ವಾರದಲ್ಲೇ ಅವಳನ್ನು ಊಟದ ಹಾಲಿಗೆ ಹಾಕಿದರು.

ಈಗ ನನಗಿರುವುದು ಒಂದೂವರೆ ಎಕರೆ ತೋಟ, ಎರಡು ತಾಮ್ರದ ಹಂಡೆ, ಒಂದು ಹಳೇ ಜೀಪು, ವೈನು ಬಡಿಸುವ ಒಬ್ಬ ಮಗಳು, ಅವಳು ಸಂಬಳದಲ್ಲಿ ತಂದುಕೊಟ್ಟ ಒಂದು ಬರೋಲೊ.