ಬೆಳಕಿಂಡಿಯ ಕೆಳಗಿನ ನೆತ್ತಿ

ನನ್ನ ಮನೆ ಮಾಲಕರ ಮುಖಕ್ಕಿಂತ ಅವರ ನೆತ್ತಿಯೇ ನನಗೆ ಹೆಚ್ಚು ಪರಿಚಯ. ಕೂದಲೆಲ್ಲ ಉದುರಿ, ಎಣ್ಣೆ ಸವರಿ ಸವರಿ ನಯವಾಗಿದ್ದ ನೆತ್ತಿ. ನಟ್ಟನಡುವೆ ಹುಣಸೆ ಬೀಜದಷ್ಟು ದೊಡ್ಡ ಕಪ್ಪು ಮಚ್ಚೆ. ರಾಯಚೂರಿನ ಹಳೆಯ ಓಣಿಯೊಂದರಲ್ಲಿ ಅವರದು ಮಣ್ಣಿನ ಮಾಳಿಗೆಯ ಮನೆ. ಮಾಳಿಗೆಯ ಮೇಲೆ ತಗಡು ಹೊದಿಸಿದ ಒಂದು ಖೋಲಿ, ಅದರಲ್ಲಿ ಬಾಡಿಗೆಗೆ ನಾನು. ನನ್ನ ಬಾಗಿಲ ಮುಂದೆಯೇ ಅವರ ನಡುಮನೆಯ ಬೆಳಕಿಂಡಿ ಇತ್ತು. ಕೆಳಗೆ ಬೆಳಕು ಬೀಳಲಿ, ಹೊಗೆ ಮೇಲೆ ಹೋಗಲಿ ಎಂದು ಹಿರಿಯರು ಮಾಳಿಗೆಯಲ್ಲಿ ಬಿಟ್ಟ ತೂತು ಅದು. ಅದಕ್ಕೆ ಸರಿಯಾಗಿ ಕೆಳಗೆ ಅವರ ಆರಾಮ ಕುರ್ಚಿ. ನಾನು ಬಾಗಿ ನೋಡಿದರೆ ಕಾಣುತ್ತಿದ್ದದ್ದು ಆ ನೆತ್ತಿ, ಅದರ ಮೇಲೆ ಒಂದು ತುಂಡು ಬಿಸಿಲು.

ನಾನು ದೇವದುರ್ಗದವಳು, ಆಸ್ಪತ್ರೆಯಲ್ಲಿ ನರ್ಸು, ಗಂಡನನ್ನು ಬಿಟ್ಟು ಬಂದವಳು. ಈ ಮೂರನೆಯದು ಗೊತ್ತಾದ ಕೂಡಲೇ ರಾಯಚೂರಿನ ಖಾಲಿ ಮನೆಗಳೆಲ್ಲ ತುಂಬಿಬಿಡುತ್ತಿದ್ದವು. "ಯಜಮಾನ್ರು ಯಾವಾಗ ಬರ್ತಾರ್ರೀ?" ಎಂದು ಕೇಳುವುದು, ನನ್ನ ಉತ್ತರ ಕೇಳಿದ ಮೇಲೆ "ನಮ್ಮ ತಮ್ಮನ ಮಗ ಬರ್ತಾನಂತ, ಖೋಲಿ ಅವಂಗ ಬೇಕಾಗೇದ" ಎನ್ನುವುದು. ತಮ್ಮಂದಿರಿಗೆ ಅಷ್ಟೊಂದು ಗಂಡುಮಕ್ಕಳು ಎಲ್ಲಿಂದ ಹುಟ್ಟುತ್ತಿದ್ದರೋ! ಈ ಮಾಲಕರು ಮಾತ್ರ ಅದನ್ನು ಕೇಳಲಿಲ್ಲ. "ಮಧ್ಯಾನ ಖೋಲ್ಯಾಗ ಇರ್ತೀರೇನು?" ಎಂದರು. ನನಗೆ ಪಿತ್ತ ನೆತ್ತಿಗೇರಿತು.

"ರಾತ್ರಿ ಡ್ಯೂಟಿ ಇದ್ದಾಗ ಹಗಲೆಲ್ಲಾ ಖೋಲ್ಯಾಗ ಮಕ್ಕೊಂತೀನ್ರಿ. ಯಾಕ, ಏನಾತು?"

"ಹಂಗಾದ್ರ ಇವತ್ತು ಮಾತು ಕೊಡಾಂಗಿಲ್ಲವಾ. ತಗಡಿನ ಖೋಲಿ ಅದು. ನಾಳಿ ಮಧ್ಯಾನ ನಾನು ಅದ್ರಾಗ ಇದ್ದು ನೋಡ್ತೀನಿ. ಸಂಜಿಕ ಬರ್ರಿ, ಹೇಳ್ತೀನಿ."

ಮರುದಿನ ಸಂಜೆ ಹೋದೆ. ಅವರ ಬನಿಯನ್ ಬೆವರಿನಲ್ಲಿ ತೊಯ್ದು ಮೈಗೆ ಅಂಟಿಕೊಂಡಿತ್ತು. "ಝಳಾ ಅಂತೂ ಅದ. ಆದ್ರ ಕುದಿ ಇಲ್ಲ. ಬರ್ರಿ," ಎಂದರು. ಯಾರಿಗೇ ಬಾಡಿಗೆಗೆ ಕೊಡುವ ಮೊದಲು ಒಂದು ಮಧ್ಯಾಹ್ನ ಅಲ್ಲಿ ಬಾಗಿಲು ಹಾಕಿಕೊಂಡು ಮಲಗಿ ನೋಡುವುದು ಅವರ ವ್ರತವಂತೆ. ಓಣಿಯವರು ನಗುತ್ತಿದ್ದರು. ಇವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಆ ಖೋಲಿಯನ್ನು ಅವರು ಮಾಡಿಸಿದ ರೀತಿಯೇ ಬೇರೆ. ತಗಡಿನ ಕೆಳಗೆ ಬಿದಿರಿನ ತಟ್ಟಿ ಹೊಡೆಸಿದ್ದರು. ತಟ್ಟಿಗೂ ತಗಡಿಗೂ ನಡುವೆ ಒಂದು ಸಣ್ಣ ಅಟ್ಟದಷ್ಟು ಜಾಗ. ಆ ಜಾಗದ ಎರಡೂ ಕಡೆ, ಗೋಡೆಯ ತುದಿಯಲ್ಲಿ, ಎದುರುಬದುರು ಕಿಂಡಿಗಳು. ಒಂದರಿಂದ ಬಂದ ಗಾಳಿ ತಗಡಿನ ಕಾವನ್ನು ಹೊತ್ತುಕೊಂಡು ಇನ್ನೊಂದರಿಂದ ಹೋಗಬೇಕು. "ಝಳಾ ಅಂದ್ರ ಬೀಗರಿದ್ದಂಗವಾ," ಎನ್ನುತ್ತಿದ್ದರು. "ಬರೂದನ್ನ ತಡಿಯಾಕ ಆಗೂದಿಲ್ಲ. ಹೋಗಾಕ ಒಂದು ಬಾಗ್ಲಾ ಇಡಬೇಕು. ಇಲ್ಲಂದ್ರ ಅಟ್ಟದಾಗ ಕುಂತೇ ಬಿಡ್ತಾರ."

ನಾನು ಹೋದ ಮೇಲೆ ಅವರು ಮೆಟ್ಟಿಲು ಹತ್ತಲಿಲ್ಲ. ಒಂಟಿ ಹೆಂಗಸು ಇರುವ ಖೋಲಿ, ಜನ ಆಡಿಕೊಳ್ಳಬಾರದು. ಮಧ್ಯಾಹ್ನ ನಾನು ನಿದ್ದೆಯಿಂದೆದ್ದು ಹೊರಗಿನ ಹರವಿಯಿಂದ ನೀರು ಕುಡಿಯಲು ಬಂದರೆ ಮಾಳಿಗೆಯ ಮೇಲಿನ ಹೆಜ್ಜೆ ಕೆಳಗೆ ಕೇಳುತ್ತಿತ್ತು. ಆಗ ಬೆಳಕಿಂಡಿಯೊಳಗಿಂದ ದನಿ ಬರುತ್ತಿತ್ತು:

"ಗಾಳಿ ಆಡಾಕತ್ತದೇನವಾ?"

"ಆಡಾಕತ್ತದ್ರೀ."

ದಿನದ ಮಾತು ಮುಗಿಯಿತು. ಮೊದಮೊದಲು ನನಗೆ ಬೇಸರವಾಗುತ್ತಿತ್ತು, ಮುದುಕರಿಗೆ ಇನ್ನೇನೂ ಕೆಲಸವಿಲ್ಲವೇ ಎಂದು. ಆಮೇಲೆ ಒಂದು ದಿನ ಅವರು ಯಾರದೋ ಮದುವೆಗೆ ಗುಂಜಹಳ್ಳಿಗೆ ಹೋಗಿದ್ದರು. ನೀರು ಕುಡಿದು ಚೊಂಬು ಹಿಡಿದುಕೊಂಡು ಸುಮ್ಮನೆ ನಿಂತೇ ಇದ್ದೆ. ನಾನು ಆ ಪ್ರಶ್ನೆಗಾಗಿ ಕಾಯುತ್ತಿದ್ದೇನೆ ಎಂದು ಆಗ ತಿಳಿಯಿತು. ತವರಿನಿಂದ ಫೋನು ಬಂದರೂ ನಾನು ಹೇಗಿದ್ದೇನೆ ಎಂದು ಕೇಳುವವರು ಯಾರೂ ಇರಲಿಲ್ಲ. ಯಾವಾಗ ಗಂಡನ ಮನೆಗೆ ಹೋಗುತ್ತೀ ಎಂದೇ ಕೇಳುತ್ತಿದ್ದರು.

ಒಂದು ವರ್ಷ ಮಳೆಗೆ ಮುಂಚಿನ ದಿನಗಳು. ಮೋಡ ಮುಚ್ಚಿಕೊಂಡು ಕುಳಿತಿತ್ತು, ಹನಿ ಬೀಳಲೊಲ್ಲದು. ಬೆವರು ಆರುವುದೇ ಇಲ್ಲ. ದನಿ ಬಂದಾಗ ನಿಜ ಹೇಳಿದೆ: "ಇಲ್ರೀ, ಎರಡು ದಿನ ಆತು, ಆಡವಲ್ದು."

ಅವರು ಏಣಿ ಹೊರಿಸಿಕೊಂಡು ಮೇಲೆ ಬಂದೇಬಿಟ್ಟರು. ಹತ್ತಿ ನೋಡಿದರೆ ಒಂದು ಕಿಂಡಿಯ ತುಂಬ ಕಸಕಡ್ಡಿ, ಪಾರಿವಾಳದ ಗೂಡು, ಗೂಡಿನಲ್ಲಿ ಎರಡು ಮರಿ. ತೆಗೆದು ಪಕ್ಕಕ್ಕೆ ಇಡೋಣ ಎಂದೆ. "ಬಾಣಂತಿ ಅದಾಳವಾ, ಎಬ್ಬಸಬಾರ್ದು," ಎಂದು ಇಳಿದರು. ಮರಿ ಹಾರುವ ತನಕ ಹಗಲು ನಾನು ಕೆಳಗೆ ಅವರ ನಡುಮನೆಯಲ್ಲಿ ಮಲಗಬೇಕು, ಅವರು ಮೇಲೆ. ನಾನು ಎಷ್ಟು ಜಗಳವಾಡಿದರೂ ಕೇಳಲಿಲ್ಲ. "ಬಾಡಿಗಿ ಕೊಡಾಕಿ ನೀ. ಗಾಳಿ ನಿಂದು," ಎಂದರು.

ಹೀಗೆ ನಾನು ಅವರ ಕುರ್ಚಿಯಲ್ಲಿ ಕುಳಿತೆ. ಮೂಲೆಯಲ್ಲಿ ಟವೆಲು ಹೊದಿಸಿದ ಹೊಲಿಗೆ ಮಿಷನ್ ಇತ್ತು. ತಲೆ ಎತ್ತಿದರೆ ಬೆಳಕಿಂಡಿ. ಅದರೊಳಗೆ ಒಂದು ತುಂಡು ಆಕಾಶ, ನನ್ನ ಬಟ್ಟೆ ಹಗ್ಗ. ಅವರು ಖೋಲಿಯ ಬಾಗಿಲಲ್ಲೇ ಚಾಪೆ ಹಾಸಿಕೊಂಡಿದ್ದರು. ನನಗೂ ನಿದ್ದೆ ಇಲ್ಲ, ಅವರಿಗೂ ಇಲ್ಲ. ಮೇಲಿನಿಂದ ದನಿ ಇಳಿಯಿತು.

"ಆ ಮಿಷನ್ ಮೊದಲ ಇಲ್ಲೇ ಮ್ಯಾಲ ಇತ್ತವಾ. ನಮ್ಮಾಕಿ ಕುಬಸ ಹೊಲೀತಿದ್ಲು. ಬ್ಯಾಸಗ್ಯಾಗ ಲಗ್ನದ ಕೆಲಸ ಜಾಸ್ತಿ. ಆಗ ಈ ತಟ್ಟಿ ಇದ್ದಿಲ್ಲ, ಕಿಂಡಿ ಇದ್ದಿಲ್ಲ. ಬರೇ ತಗಡು."

ನಾನು ಹೂಂ ಎಂದೆ.

"ನೀ ಕುಂತಲ್ಲೇ ಕುಂತು ನಾ ಪೇಪರ್ ಓದ್ತಿದ್ದೆ. ಮ್ಯಾಲ ಮಿಷನ್ ಸಪ್ಪಳ ಕೇಳ್ತಿತ್ತು. ಸಪ್ಪಳ ಅದ ಅಂದ್ರ ಆರಾಮ ಅದಾಳ ಅಂತ ತಿಳ್ಕೊಂಡೆ. ಅಕಿ ಹೋದ ಮ್ಯಾಲ ಮಾನವಿಯಾವ ಒಬ್ಬ ಮಿಷನ್ ಕೊಳ್ಳಾಕ ಬರ್ತೀನಿ ಅಂದ. ಮೇ ತಿಂಗಳು. ಅವನ ದಾರಿ ಕಾಯಕೋತ ಈ ಖೋಲ್ಯಾಗ ಕುಂತೆ. ಅವ ಬರೂದ್ರಾಗ ನನಗ ಕಣ್ಣಿಗೆ ಕತ್ತಲಿ ಬಂತು." ಚಾಪೆಯ ಮೇಲೆ ಮಗ್ಗುಲು ಬದಲಿಸಿದ ಸಪ್ಪಳ ಕೇಳಿತು. "ಅಕಿ ಒಂದಿನಾನೂ ಅಂದಿಲ್ಲವಾ. ನಾ ಒಂದಿನಾನೂ ಕೇಳಿಲ್ಲ."

ಸಮಾಧಾನ ಹೇಳುವುದು ನನ್ನ ಕಸುಬು. ಆ ದಿನ ಮಾತ್ರ ಮಿಷನ್ ಮೇಲಿನ ಟವೆಲನ್ನೇ ನೋಡುತ್ತ ಕುಳಿತೆ.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗಡೆ ಮೈ ಬಿದ್ದುಹೋಯಿತು, ಮಾತೂ ಹೋಯಿತು. ಕಲ್ಲೂರಿಗೆ ಕೊಟ್ಟಿದ್ದ ಮಗಳು ಬಂದು ನಿಂತಳು. ಒಳ್ಳೆಯ ಹೆಣ್ಣುಮಗಳು, ತಂದೆಯನ್ನು ಕೂಸಿನಂತೆ ನೋಡಿಕೊಂಡಳು. ತಂದೆಗೆ ಸೆಕೆಯಾಗಬಾರದೆಂದು ಎಸಿ ಹಾಕಿಸಿದಳು. ಹಾಕಲು ಬಂದವನು ತಲೆ ಎತ್ತಿ ನೋಡಿ, "ಮ್ಯಾಲ ತೂತು ಇದ್ರ ತಂಪು ನಿಲ್ಲೂದಿಲ್ರಿ," ಎಂದ. ಬೆಳಕಿಂಡಿಯ ಮೇಲೆ ಪರಸಿ ಕಲ್ಲು ಇಟ್ಟು ಸಿಮೆಂಟು ಮೆತ್ತಿದರು. ಬಾಡಿಗೆಯವಳು ನಾನು, ಏನು ಹೇಳಲಿ?

ಮರುದಿನ ಮಧ್ಯಾಹ್ನ ಹರವಿಯ ಹತ್ತಿರ ಬಂದೆ. ಕಲ್ಲು ಬಿಸಿಲಿಗೆ ಕಾದಿತ್ತು. ಬೆಳಕಿಂಡಿ ತೆರೆದಿದ್ದರೂ ಆ ಪ್ರಶ್ನೆ ಕೇಳಲು ಅವರಿಗೆ ದನಿಯಿಲ್ಲ, ನಿಜ. ಆದರೆ ಮನಸ್ಸು ತಡೆಯಲಿಲ್ಲ. ಮೆಟ್ಟಿಲಿಳಿದು ಅವರ ಹಾಸಿಗೆಯ ಹತ್ತಿರ ನಿಂತೆ. ಅವರ ಕಣ್ಣು ಮೇಲೆ, ಆ ಮುಚ್ಚಿದ ಜಾಗದಲ್ಲೇ ನೆಟ್ಟಿತ್ತು.

"ಗಾಳಿ ಆಡಾಕತ್ತದ್ರೀ ಯಪ್ಪಾ," ಎಂದೆ.

ಮಗಳು ಬೆರಗಾಗಿ ನೋಡಿದಳು. "ಅಪ್ಪ ಏನೂ ಕೇಳಿಲ್ಲಲ್ಲ, ಸಿಸ್ಟರ್?"

"ಕೇಳ್ಯಾರ್ರೀ."

ಅವರ ಎಡಗೈ ಹಾಸಿಗೆಯಿಂದ ಒಂದಿಷ್ಟು ಎದ್ದು ಮತ್ತೆ ಬಿತ್ತು. ಅಂದಿನಿಂದ ದಿನಾ ಇಳಿದು ಹೋಗಿ ಹೇಳಿ ಬರುತ್ತಿದ್ದೆ. ಡ್ಯೂಟಿ ಹಗಲಿದ್ದರೆ ಸಂಜೆ ಹೇಳುತ್ತಿದ್ದೆ.

ಮೋಡ ಕವಿದ ಒಂದು ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದರೆ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಅವರನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ. ಆ ಮುಖವನ್ನು ಅಷ್ಟು ಹೊತ್ತು ನೋಡಿದ್ದು ನಾನು ಅದೇ ಮೊದಲು. ಜನ ಕಿಕ್ಕಿರಿದಿದ್ದರು, ಅಷ್ಟು ಜನರ ಉಸಿರಿನ ಕಾವಿಗೆ ಎಸಿ ಸಾಲಲಿಲ್ಲ, ಹೆಂಗಸೊಬ್ಬಳಿಗೆ ತಲೆ ಸುತ್ತಿತು. ಆಗ ಮಗಳೇ, ಅಳುತ್ತಲೇ, "ಸಿಸ್ಟರ್, ಆ ಕಲ್ಲು ತೆಗಿಸ್ರಿ," ಎಂದಳು. ಓಣಿಯ ಇಬ್ಬರು ಹಾರೆ ತಂದು ಕಲ್ಲು ಎಬ್ಬಿಸಿದರು. ಊದಿನಕಡ್ಡಿಯ ಹೊಗೆ ನೆಟ್ಟಗೆ ಮೇಲಕ್ಕೆದ್ದು ಹೊರಟಿತು. ಬೆಳಕು ಬಂದು ಕುರ್ಚಿ ಇದ್ದ ಖಾಲಿ ಜಾಗದಲ್ಲಿ ಬಿತ್ತು.

ಈಗ ನನಗೆ ಮಾನವಿಗೆ ವರ್ಗವಾಗಿದೆ. ವಾರ್ಡಿನಲ್ಲಿ ಜ್ವರ ನೋಡುವ ಮೊದಲು ರೋಗಿಗಳನ್ನು "ಗಾಳಿ ಆಡಾಕತ್ತದೇನವಾ?" ಎಂದು ಕೇಳುವುದು ರೂಢಿಯಾಗಿದೆ. ಕೆಲವರು ಅಷ್ಟಕ್ಕೇ ಕಣ್ಣೀರು ಹಾಕುತ್ತಾರೆ. ಇಲ್ಲಿಯೂ ನನಗೆ ಸಿಕ್ಕಿದ್ದು ತಗಡಿನ ಖೋಲಿಯೇ. ಮನೆಯವರನ್ನು ಒಪ್ಪಿಸಿ ತಟ್ಟಿ ಹೊಡೆಸಿದೆ, ಎದುರುಬದುರು ಕಿಂಡಿ ತೆಗೆಸಿದೆ, ಪಾರಿವಾಳ ಬಾರದಂತೆ ಜಾಳಿಗೆಯನ್ನೂ ಬಡಿಸಿದೆ. ಮಧ್ಯಾಹ್ನ ಎದ್ದು ನೀರು ಕುಡಿಯುವಾಗ ನೆತ್ತಿಯ ಮೇಲೆ ಗಾಳಿ ಹಾಯುವುದು ಗೊತ್ತಾಗುತ್ತದೆ. "ಆಡಾಕತ್ತದ್ರೀ," ಎಂದು ಗಟ್ಟಿಯಾಗಿ ಹೇಳುತ್ತೇನೆ. ಕೇಳುವವರು ಯಾರೂ ಇಲ್ಲ.