ಶ್ರುತಿಯಪ್ಪನ ಕಿವಿ

ಹಾರ್ಮೋನಿಯಂ ರಿಪೇರಿ ಅಂಗಡಿಯಲ್ಲಿ ಮೂವತ್ತು ವರ್ಷ ಶ್ರುತಿ ಸರಿಮಾಡಿದವನಿಗೆ ಎಲ್ಲರೂ ಇಟ್ಟ ಹೆಸರು ಶ್ರುತಿಯಪ್ಪ. ಅವನು ತಲೆಯಾಡಿಸಿದರೆ ಮುಗಿಯಿತು, ಅದರ ಮೇಲೆ ಯಾರೂ ಚಕಾರವೆತ್ತುತ್ತಿರಲಿಲ್ಲ. ಎರಡು ವರ್ಷದಿಂದ ಅವನಿಗೆ ಮೇಲಿನ ಸ್ವರಗಳು ಸರಿಯಾಗಿ ಕೇಳಿಸುತ್ತಿಲ್ಲ ಎಂಬುದು ಮಾತ್ರ ಅವನೊಬ್ಬನಿಗೇ ಗೊತ್ತಿತ್ತು. ಅಂದಾಜಿನ ಮೇಲೆ ಸ್ವರ ಹೊರಡಿಸುವ ಹಿತ್ತಾಳೆ ರೀಡು ಕೆರೆಯುತ್ತಿದ್ದ.

ಶಾಲೆಯೊಂದರ ಹೊಸ ಸಂಗೀತ ಟೀಚರು, ಚಿಕ್ಕ ವಯಸ್ಸಿನವಳು, ಅವನು ಶ್ರುತಿ ಮಾಡಿಕೊಟ್ಟಿದ್ದ ಹಾರ್ಮೋನಿಯಂ ಪೆಟ್ಟಿಗೆಯನ್ನು ಮರಳಿ ತಂದಳು. ಜೊತೆಗೆ ಹೆಡ್‌ಮಿಸ್ಸೂ ಬಂದಿದ್ದರು.

"ಮೇಲಿನ ಸ್ವರ ಇಳಿದಿದೆ ಅನ್ಸುತ್ತೆ ಸಾರ್. ಮಕ್ಕಳೆಲ್ಲ ತಪ್ಪಾಗಿ ಹಾಡ್ತಿದಾರೆ" ಅಂದಳು ಟೀಚರು.

ಶ್ರುತಿಯಪ್ಪ ಒಂದೆರಡು ಸ್ವರದ ಮನೆ ಒತ್ತಿದ. ಏನೂ ತಿಳಿಯಲಿಲ್ಲ. "ಪೆಟ್ಟಿಗೆ ಸರಿಯಾಗೇ ಇದೆಯಮ್ಮ. ನಿಮ್ಮ ಕಿವೀನೇ ಒಂದ್ಸಲ ತೋರಿಸ್ಕೊಳ್ಳಿ" ಅಂದುಬಿಟ್ಟ. ಹೆಡ್‌ಮಿಸ್ಸು ನಕ್ಕರು. ಹುಡುಗಿಯ ಮುಖ ಸಪ್ಪಗಾಯಿತು.

ಮೂರು ವಾರದ ಮೇಲೆ ಅಂಗಡಿಯ ಯಜಮಾನರು ಯಾವುದೋ ಮಾತಿಗೆ ಹೇಳಿದರು, "ಕಿವಿ ಸರಿಯಿಲ್ಲ ಅಂತ ಆ ಟೀಚರಿಂದ ಹಾಡಿನ ಕ್ಲಾಸು ಕಿತ್ಕೊಂಡು ಹೊಲಿಗೆ ಕ್ಲಾಸಿಗೆ ಹಾಕಿದಾರಂತೆ."

ಅಂದು ರಾತ್ರಿ ತಟ್ಟೆಯಲ್ಲಿ ಅನ್ನ ಕಲಸುತ್ತಲೇ ಕೂತಿದ್ದ. ಹೆಂಡತಿ ಏನೋ ಹೇಳುತ್ತಿದ್ದಳು, ಇವನು ಹೂಂಗುಟ್ಟುತ್ತಿದ್ದ. ಅವಳು ಸೌಟು ಕೆಳಗಿಟ್ಟಳು.

"ನಾನೀಗ ಏನು ಕೇಳ್ದೆ?"

ಇವನು ಮತ್ತೆ ಹೂಂ ಅಂದ.

"ಎದೇಲಿ ಗಂಟಿದೆ, ಡಾಕ್ಟರ ಹತ್ರ ಬರ್ತೀರಾ ಅಂತ ಮೂರನೇ ಸಲ ಕೇಳ್ತಿದೀನಿ. ಹೂಂ ಅಂತೀರಿ, ಎದ್ದು ಹೋಗ್ತೀರಿ. ನಾನು ಬೇಡವಾಗಿದೀನಿ ಅಂತ ಬಾಯಿಬಿಟ್ಟು ಹೇಳ್ಬಿಡಿ."

"ನಂಗೆ ಕಿವಿ ಕೇಳ್ಸಲ್ಲ ಕಣೇ. ಈಗೀಗ ಮಾತೂ ಅರ್ಧ ತಪ್ಪೋಗುತ್ತೆ" ಅಂದ. ಅವಳು "ಇದನ್ನ ಮುಚ್ಚಿಡೋಕೆ ನನ್ನನ್ನ ಇಷ್ಟು ಅಳಿಸಿದ್ರಾ?" ಅಂದಳು.

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದರು. ಸ್ಕ್ಯಾನ್ ಮಾಡಿದ ಡಾಕ್ಟರು, ಪುಣ್ಯಕ್ಕೆ ಗಂಟು ಕೆಟ್ಟದ್ದಲ್ಲವೆಂದರು. ಅಲ್ಲಿಂದ ಅವನು ನೇರವಾಗಿ ಶಾಲೆಗೆ ನಡೆದ. ಹೆಡ್‌ಮಿಸ್ಸಿನ ಎದುರಿಗೇ ಟೀಚರನ್ನು ಕರೆಸಿಕೊಂಡು ಹೇಳಿದ, "ಇವರ ಕಿವಿ ಸರಿಯಿತ್ತು. ಕೆಟ್ಟಿದ್ದು ನನ್ನದು. ನಾನು ಸುಳ್ಳು ಹೇಳ್ದೆ."

ಟೀಚರಿಗೆ ಕಣ್ಣು ತುಂಬಿತು, ಆದರೆ ಸಮಾಧಾನದಿಂದಲ್ಲ. "ದಿನಾ ನನ್ನ ಹಾಡು ರೆಕಾರ್ಡ್ ಮಾಡಿ ಕೇಳ್ತಿದ್ದೆ ಸಾರ್, ಎಲ್ಲಿ ತಪ್ತಿದೀನಿ ಅಂತ. ಕೊನೆಗೆ ಹಾಡೋದೇ ಬಿಟ್ಟೆ."



ಅವಳ ಕ್ಲಾಸು ಅವಳಿಗೆ ಮರಳಿ ಸಿಕ್ಕಿತು. ಯಜಮಾನರು ಬೈದರಾದರೂ ಕೆಲಸದಿಂದ ತೆಗೆಯಲಿಲ್ಲ. ಶ್ರುತಿಗೆ ಬೇರೊಬ್ಬ ಬಂದ, ಇವನು ಪೆಟ್ಟಿಗೆಗೆ ಗಾಳಿ ಊದುವ ಹರಿದ ತಿದಿಗೆ ತೇಪೆ ಹಚ್ಚುತ್ತಾನೆ. ಟೀಚರು ಅಂಗಡಿಗೆ ಬಂದಾಗ ಎದ್ದು ನಿಲ್ಲುತ್ತಾನೆ. ಅವಳು ಇನ್ನೂ ಅವನ ಕಡೆ ನೋಡುವುದಿಲ್ಲ. ನೋಡಿ ಎಂದು ಅವನೂ ಕೇಳಿಕೊಂಡಿಲ್ಲ.