ನೀರಿನಡಿಯ ಹೊಸ್ತಿಲು

ಬೆಳಗಾವಿಯ ಕೋಟೆಯ ಹತ್ತಿರ ನಮ್ಮ ಪಕ್ಕದ ಮನೆಯಲ್ಲಿದ್ದ ಅಜ್ಜಿಯನ್ನು ಓಣಿಯೆಲ್ಲ ಆಯಿ ಎನ್ನುತ್ತಿತ್ತು. ಅವರ ಹಳ್ಳಿಯನ್ನು ಮುಳುಗಿಸಿದ ಅಣೆಕಟ್ಟಿನ ನೀರೇ ನಮ್ಮ ನಳಕ್ಕೆ ಬರುತ್ತಿತ್ತು. ನಳ ಬಂದಾಗಲೆಲ್ಲ ಮೊದಲ ಬೊಗಸೆಯನ್ನು ಕಣ್ಣಿಗೊತ್ತಿಕೊಂಡು, “ನಮ್ಮೂರ ನೀರು ಬಂತು, ಕೊಡಾ ತರ್ರಿ” ಎಂದು ಕೂಗುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅಣೆಕಟ್ಟು ಬತ್ತಿ ನಳ ನಿಂತಿತು. ನಾವೆಲ್ಲ ಟ್ಯಾಂಕರಿನ ಮುಂದೆ ಜಗಳಾಡುತ್ತಿದ್ದರೆ, ಆಯಿ ಇಳಕಲ್ ಸೀರೆ ಉಟ್ಟು, ಅರಿಸಿನ ಕುಂಕುಮ ಹಿಡಿದು ಬಸ್ಸು ಹತ್ತಿದರು. ಕೆಸರಿನಿಂದ ಮೇಲೆದ್ದ ತಮ್ಮ ಮನೆಯ ಹೊಸ್ತಿಲಿಗೆ ಪೂಜೆ ಮಾಡಿ ಬಂದರು. “ಸವದೈತಿ, ಆದ್ರ ಐತಿ” ಎಂದರು. ಮುಖ ಅರಳಿತ್ತು.

ಮಳೆ ಹಿಡಿಯಿತು. ನಳ ಬಂದ ಮುಂಜಾನೆ ಓಣಿಗೆ ಹಬ್ಬ. ಆಯಿ ಬೊಗಸೆಯನ್ನು ಕಣ್ಣಿಗೊತ್ತಿಕೊಂಡರು, ಕೂಗಲಿಲ್ಲ. ನನ್ನ ಕೊಡವನ್ನು ನಳದಡಿ ಸರಿಸಿ ಮೆಲ್ಲಗೆ ಹೇಳಿದರು: “ಹೊಸ್ತಿಲಾ ಮುಳುಗೇತಿ. ತುಂಬ್ಕೋ ಯವ್ವಾ.”